ಗೊರೊಂಗೊರೊ: ಆರಿದ ಅಗ್ನಿಕುಂಡದಲ್ಲಿ ಒಂದು ಹಗಲು

ಪೂರ್ವ ಆಫ್ರಿಕಾದ ಟಾಂಜಾನಿಯಾ ದೇಶದಲ್ಲಿ ಅರುಷಾ ಎಂಬ ನಗರವುಂಟು. ಹಿಂದೆ ನಮ್ಮಲ್ಲಿ ಕನ್ನಡ ವ್ಯಾಕರಣ ಕಲಿತ ವಿದ್ಯಾರ್ಥಿಯೊಬ್ಬರು ಅಲ್ಲಿ ಇಂಜಿನಿಯರ್ ವೃತ್ತಿಯಲ್ಲಿದ್ದಾರೆ. "ಗುರುಗಳೇ, ಮೈಯಲ್ಲಿ ಕಸುವಿರುವಾಗಲೇ ಒಮ್ಮೆ ಬಂದು ಹೋಗಬೇಕು" ಎಂದು ಅವರೂ ಅವರ ಧರ್ಮಪತ್ನಿಯೂ ವರ್ಷಗಟ್ಟಲೆ ಕರೆಯುತ್ತಲೇ ಇದ್ದರು. ಅರವತ್ತು ದಾಟಿದ ನಮಗೆ ವಿದೇಶ ಪ್ರಯಾಣದ ಹಂಬಲವೇನೂ ಇರಲಿಲ್ಲ. ಆದರೆ ಆರಿಹೋದ ಜ್ವಾಲಾಮುಖಿಯೊಂದರ ಹೊಟ್ಟೆಯೊಳಗೆ ಸಿಂಹ, ಆನೆ, ಘೇಂಡಾಮೃಗಗಳು ವಾಸವಾಗಿವೆಯೆಂದೂ, ಬೆಳಿಗ್ಗೆ ಅದರೊಳಗೆ ಇಳಿದು ಸಂಜೆಗೆ ಮೇಲೆ ಬರಬಹುದೆಂದೂ ಅವರು ವರ್ಣಿಸಿದಾಗ ಮನಸ್ಸು ಸೋತಿತು. 2024ರ ಜುಲೈ ತಿಂಗಳಲ್ಲಿ ಹೊರಟೆವು.

ಆ ಸ್ಥಳದ ಹೆಸರೇ ನಮ್ಮನ್ನು ಮೊದಲು ಸೆಳೆಯಿತೆನ್ನಬೇಕು. ಕನ್ನಡ ವರ್ಣಮಾಲೆಯಲ್ಲಿ ಕವರ್ಗದ ಕೊನೆಗೆ 'ಙ' ಎಂಬ ಅಕ್ಷರವಿದೆ. ಮಕ್ಕಳು ಅದನ್ನು ತಿದ್ದುತ್ತಾರೆ, ಬಾಯಿಪಾಠ ಮಾಡುತ್ತಾರೆ. ಆಮೇಲೆ ಅದರಿಂದ ಮೊದಲಾಗುವ ಒಂದು ಶಬ್ದವನ್ನೂ ಕಾಣದೆ ಜೀವಮಾನ ಕಳೆಯುತ್ತಾರೆ. ನಲವತ್ತು ವರ್ಷ ವ್ಯಾಕರಣ ಪಾಠ ಹೇಳಿದ ಮೇಲೆ ನಮಗೆ ಅಂಥದೊಂದು ಹೆಸರು ದೊರೆಯಿತು. ಈ ಬೆಟ್ಟದ ಹೆಸರನ್ನು ಅಲ್ಲಿಯವರು ಆ ಅನುನಾಸಿಕದಿಂದಲೇ ಆರಂಭಿಸಿ ಉಚ್ಚರಿಸುತ್ತಾರೆ. ಓದುಗರ ನಾಲಗೆಗೆ ತೊಡಕಾಗದಿರಲೆಂದು ನಾವು ಗೊರೊಂಗೊರೊ ಎಂದು ಬರೆಯುತ್ತೇವೆ. ಅಲ್ಲಿಯ ಪಶುಪಾಲಕರಾದ ಮಾಸಾಯಿ ಜನರ ದನಗಳ ಕೊರಳಗಂಟೆಯ ಸದ್ದೇ ಈ ಹೆಸರಾಯಿತೆಂದು ಹೇಳುವುದುಂಟು. ನಮ್ಮ ಬಾಲ್ಯ ಕಳೆದುದು ಮಠದಲ್ಲಿ. ಬೆಳಗಿನ ಪಾಠಕ್ಕೆ ಮೊದಲು ಮಠದ ದನಗಳನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗುವುದು ಸರದಿಯ ಮೇಲೆ ನಮ್ಮ ಪಾಲಿಗೆ ಬರುತ್ತಿತ್ತು. ಮಂಜು ಕವಿದ ಮಾಗಿಯ ದಿನಗಳಲ್ಲಿ ಯಾವ ಆಕಳು ಎಲ್ಲಿದೆಯೆಂಬುದು ಗಂಟೆಯ ಸದ್ದಿನಿಂದಲೇ ತಿಳಿಯುತ್ತಿತ್ತು. ದನದ ಗಂಟೆಯ ಹೆಸರನ್ನು ಹೊತ್ತ ಬೆಟ್ಟವೊಂದು ಈ ಭೂಮಿಯ ಮೇಲಿದೆಯೆಂದು ಕೇಳಿದೊಡನೆ ಅದು ನಮಗೆ ತೀರ ಪರಕೀಯವೆನಿಸಲಿಲ್ಲ.

ಅರುಷಾದಿಂದ ಪಶ್ಚಿಮಕ್ಕೆ ಸುಮಾರು 190 ಕಿಲೋಮೀಟರ್ ದಾರಿ. ಆರಂಭದಲ್ಲಿ ಬಯಲು, ಅನಂತರ 'ಸೊಳ್ಳೆಯ ಹೊಳೆ' ಎಂಬರ್ಥದ ಮ್ಟೊ ವ ಎಂಬು ಎಂಬ ಪೇಟೆ, ಅದನ್ನು ದಾಟಿದರೆ ಪೂರ್ವ ಆಫ್ರಿಕಾವನ್ನೇ ಸೀಳಿಕೊಂಡು ಹೋಗಿರುವ ಮಹಾಕಣಿವೆಯ ಗೋಡೆ. ಆ ಗೋಡೆಯನ್ನು ಹತ್ತಿ, ಕಾಫಿ ತೋಟಗಳಿರುವ ಕರಾಟು ಎಂಬ ಊರಿನಲ್ಲಿ ರಾತ್ರಿ ತಂಗಿದೆವು. ವಿದ್ಯಾರ್ಥಿಯ ಪತ್ನಿ ಆ ತಾಯಿ ಅರುಷಾದಿಂದಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರುಬುತ್ತಿ ಕಟ್ಟಿಕೊಂಡು ಬಂದಿದ್ದರು. ಅವರ ಎಂಟು ವರ್ಷದ ಮಗನೂ ಜೊತೆಗಿದ್ದ. ವಾಹನ ನಡೆಸುತ್ತಿದ್ದ ಮಧ್ಯವಯಸ್ಕ ಸಾರಥಿ ಸ್ವತಃ ಮಾಸಾಯಿ ಕುಲದವರು. ಇಂಗ್ಲಿಷ್ ಚೆನ್ನಾಗಿ ಬಲ್ಲವರು.

ಮರುದಿನ ನಸುಕಿನಲ್ಲಿ ಕುಂಡದ ಅಂಚನ್ನು ಸೇರಿದಾಗ ಏನೂ ಕಾಣಲಿಲ್ಲ. ಭೂಮಧ್ಯರೇಖೆಗೆ ಕೇವಲ ಮೂರು ಅಂಶ ದಕ್ಷಿಣದಲ್ಲಿದ್ದರೂ ಜುಲೈ ಅಲ್ಲಿ ಚಳಿಗಾಲ. ಅಂಚಿನ ಎತ್ತರ ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್. ಮರಗಳಿಂದ ಜೋತುಬಿದ್ದ ಪಾಚಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಶಾಲು ಹೊದ್ದು ಕುಳಿತರೂ ನಡುಕ ತಪ್ಪಲಿಲ್ಲ. ಆ ಮಂಜಿನಲ್ಲಿಯೇ ದಾರಿಯ ಬದಿಗೆ ಕಲ್ಲಿನ ಸಣ್ಣ ಗೋಪುರದಂತಹ ಸಮಾಧಿಯೊಂದು ಕಂಡಿತು. ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಬರ್ನ್‌ಹಾರ್ಡ್ ಗ್ರಿಮೆಕ್ ಹಾಗೂ ಅವರ ಮಗ ಮೈಕೇಲ್ ಇಬ್ಬರೂ ಅಲ್ಲಿದ್ದಾರೆ. ಈ ಸೀಮೆಯ ವನ್ಯಮೃಗಗಳನ್ನು ವಿಮಾನದಿಂದ ಎಣಿಸುತ್ತಿದ್ದ ಮೈಕೇಲ್ 1959ರ ಜನವರಿಯಲ್ಲಿ, ರಣಹದ್ದು ವಿಮಾನಕ್ಕೆ ಬಡಿದು, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ತಂದೆ 1987ರವರೆಗೆ ಬಾಳಿ ಮಗನ ಪಕ್ಕದಲ್ಲಿಯೇ ಮಣ್ಣಾದರು. ಮಗನನ್ನು ಮೊದಲು ಹೂಳಿ ಇಪ್ಪತ್ತೆಂಟು ವರ್ಷ ಬದುಕಿದ ಆ ತಂದೆಯನ್ನು ನೆನೆದು ಸ್ವಲ್ಪ ಹೊತ್ತು ಮೌನವಾಗಿ ನಿಂತೆವು.

ಏಳೂವರೆಯ ಹೊತ್ತಿಗೆ ಮಂಜು ಹರಿಯಿತು. ನಾವು ಇಂಥ ನೋಟವನ್ನು ಹಿಂದೆ ಕಂಡಿರಲಿಲ್ಲ. ಕಾಲ ಕೆಳಗೆ ಆರುನೂರು ಮೀಟರ್ ಆಳದಲ್ಲಿ ಒಂದು ಇಡೀ ನಾಡು. ಸುತ್ತಲೂ ಒಂದೆಡೆಯೂ ಕಡಿಯದ ಬೆಟ್ಟದ ಗೋಡೆ. ಒಳಗೆ ಸುಮಾರು 260 ಚದರ ಕಿಲೋಮೀಟರ್ ವಿಸ್ತಾರದ ಸಮತಟ್ಟು ನೆಲ. ನಡುವೆ ಬೆಳ್ಳಿಯ ತಟ್ಟೆಯಂತೆ ಹೊಳೆಯುವ ಸರೋವರ. ದೂರದ ಅಂಚಿಗೆ ಹದಿನೆಂಟು ಹತ್ತೊಂಬತ್ತು ಕಿಲೋಮೀಟರ್ ಅಂತರ.

ಇದು ಹೇಗೆ ಆಯಿತೆಂಬುದನ್ನು ನಮ್ಮ ಉತ್ತರ ಕರ್ನಾಟಕದ ಓದುಗರಿಗೆ ತಿಳಿಸುವುದು ಕಷ್ಟವಲ್ಲ. ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರಷ್ಟೆ. ತುಂಬಿದ ಹಗೇವಿನ ಮೇಲೆ ಬಂಡಿ ಹಾಯ್ದರೂ ಚಿಂತೆಯಿಲ್ಲ. ಕಾಳು ತೆಗೆದು ಬರಿದಾದ ಹಗೇವಿನ ಮೇಲ್ಮಣ್ಣು ಮಾತ್ರ ಒಂದು ದಿನ ಒಮ್ಮೆಲೇ ಕುಸಿಯುತ್ತದೆ. ಎರಡರಿಂದ ಎರಡೂವರೆ ದಶಲಕ್ಷ ವರ್ಷಗಳ ಹಿಂದೆ ಇಲ್ಲಿ ನಡೆದುದೂ ಅದೇ. ಆಗ ಇಲ್ಲಿ ಮಹೋನ್ನತವಾದ ಜ್ವಾಲಾಮುಖಿ ಪರ್ವತವೊಂದಿತ್ತು. ಅದರ ಗರ್ಭದಲ್ಲಿದ್ದ ಶಿಲಾರಸವೆಲ್ಲ ಹೊರಚೆಲ್ಲಿ, ಒಳಗೆ ಪೊಳ್ಳಾಗಿ, ಶಿಖರವು ತನ್ನ ಭಾರಕ್ಕೆ ತಾನೇ ಕುಸಿದು ಕೆಳಗಿಳಿಯಿತು. ಇಂಥ ಕುಸಿದ ಕುಂಡವನ್ನು ಶಾಸ್ತ್ರಜ್ಞರು ಕ್ಯಾಲ್ಡೆರಾ ಎನ್ನುತ್ತಾರೆ. ಸ್ಪೇನ್ ದೇಶದ ಭಾಷೆಯಲ್ಲಿ ಅದಕ್ಕೆ ಕೊಪ್ಪರಿಗೆಯೆಂದು ಅರ್ಥ. ನೀರು ತುಂಬದೆ, ಗೋಡೆ ಒಡೆಯದೆ ಉಳಿದಿರುವ ಕೊಪ್ಪರಿಗೆಗಳಲ್ಲಿ ಜಗತ್ತಿಗೇ ದೊಡ್ಡದು ಇದು. ಇದರ ಬೆಂಕಿ ಆರಿ ಯುಗಗಳೇ ಕಳೆದಿವೆ. ಈಶಾನ್ಯಕ್ಕೆ ಸ್ವಲ್ಪ ದೂರದಲ್ಲಿ ಮಾತ್ರ, ಮಾಸಾಯಿ ಜನ ದೇವರ ಬೆಟ್ಟವೆಂದು ಕರೆಯುವ ಓಲ್ ಡೊಯ್ನ್ಯೊ ಲೆಂಗಾಯಿ ಇಂದಿಗೂ ಆಗಾಗ ಉಗುಳುತ್ತಿರುತ್ತದೆ.

ಕಡಿದಾದ ದಾರಿಯಲ್ಲಿ ವಾಹನ ಇಳಿಯಿತು. ತಳ ಮುಟ್ಟಿದೊಡನೆ ಚಳಿ ಮಾಯವಾಯಿತು. ಗಡ್ಡವಿರುವ, ದನದಂತೆಯೂ ಜಿಂಕೆಯಂತೆಯೂ ಕಾಣುವ ವಿಲ್ಡೆಬೀಸ್ಟ್ ಎಂಬ ಮೃಗಗಳ ಹಿಂಡು, ಅವುಗಳ ನಡುವೆ ಜೀಬ್ರಾಗಳು, ಸಣ್ಣ ಗಸೆಲ್ ಜಿಂಕೆಗಳು. ಇಪ್ಪತ್ತೈದು ಸಾವಿರದಷ್ಟು ದೊಡ್ಡ ಪ್ರಾಣಿಗಳು ಈ ಕುಂಡದಲ್ಲಿವೆಯೆಂದು ಅಂದಾಜು. ಹುಡುಗ ಸುತ್ತಲೂ ನೋಡಿ, "ಅಜ್ಜಾ, ಜಿರಾಫೆ ಎಲ್ಲಿ?" ಎಂದ. ಜಿರಾಫೆ ಇಲ್ಲಿಲ್ಲ. ಅಂಚಿನ ಆಚೆಗೆ ಬೇಕಾದಷ್ಟಿವೆ. ಇಷ್ಟು ಕಡಿದಾದ ಗೋಡೆಯನ್ನು ಅದು ಇಳಿಯಲಾರದು. ಇಳಿದರೂ ತಿನ್ನಲು ತಕ್ಕಷ್ಟು ಮರಗಳಿಲ್ಲ. ಆನೆಗಳಲ್ಲಿ ಕಾಣುವವು ಬಹುತೇಕ ಮುದಿ ಗಂಡಾನೆಗಳು. ಮರಿಗಳಿರುವ ಹೆಣ್ಣಾನೆಗಳು ಮೇಲಿನ ಕಾಡಿನಲ್ಲಿಯೇ ಇರುತ್ತವೆ. ಹಲ್ಲು ಸವೆದ ಮುದಿ ಆನೆಗೆ ಇಲ್ಲಿಯ ಜವುಗು ನೆಲದ ಮೆತ್ತನೆಯ ಹುಲ್ಲು ಹಿತವೆಂದು ಸಾರಥಿ ಹೇಳಿದರು. ನೆಲ ಮುಟ್ಟುವಷ್ಟು ಉದ್ದದ ಕೊರೆಹಲ್ಲಿನ ಒಂದು ಆನೆ, ಹಳದಿ ತೊಗಟೆಯ ಮರಗಳಿರುವ ಲೆರಾಯಿ ಕಾಡಿನ ಅಂಚಿನಲ್ಲಿ ನಿವೃತ್ತ ಹೆಡ್‌ಮಾಸ್ತರರಂತೆ ನಿಧಾನವಾಗಿ ಹೋಗುತ್ತಿತ್ತು.

ನಡುವಿನ ಸರೋವರದ ಹೆಸರು ಮಾಗಡಿ! ನಕ್ಷೆಯಲ್ಲಿ ಆ ಹೆಸರು ಕಂಡು ನಾವು ಕೆಂಪೇಗೌಡರನ್ನು ನೆನೆದೆವು. ಸ್ವಾಹಿಲಿ ಭಾಷೆಯಲ್ಲಿ ಮಾಗಡಿ ಎಂದರೆ ಸೋಡಾ. ಪಕ್ಕದ ಓಲ್ಮೋಟಿ ಪರ್ವತದಿಂದ ಮುಂಗೆ ಎಂಬ ಹೊಳೆ ಬಂದು ಇದರೊಳಗೆ ಸೇರುತ್ತದೆ. ಹೊರಗೆ ಹೋಗಲು ದಾರಿಯಿಲ್ಲ. ಬಿಸಿಲಿಗೆ ನೀರು ಆರುತ್ತ, ಬೂದಿಮಣ್ಣಿನ ಲವಣಗಳು ಉಳಿಯುತ್ತ, ಕೆರೆ ಸವಳಾಗಿದೆ. ದಂಡೆಯ ಉದ್ದಕ್ಕೂ ಬಿಳಿಯ ಹೊಪ್ಪಳಿಕೆ. ಈ ಕ್ಷಾರಜಲದಲ್ಲಿ ಬೆಳೆಯುವ ಸೂಕ್ಷ್ಮ ಪಾಚಿಯೇ ಫ್ಲೆಮಿಂಗೊ ಹಕ್ಕಿಗಳ ಆಹಾರ. ಅವುಗಳ ಗುಲಾಬಿ ಬಣ್ಣಕ್ಕೂ ಅದೇ ಕಾರಣ. ಕನ್ನಡದಲ್ಲಿ ಕೆಲವರು ಇವನ್ನು ರಾಜಹಂಸವೆಂದು ಬರೆಯುತ್ತಾರೆ. ನಮ್ಮ ಕವಿಗಳ ರಾಜಹಂಸ ಬೇರೆ, ಇದು ಬೇರೆ. ಈ ಸವಳಿನ ವಿಷಯಕ್ಕೆ ಮತ್ತೆ ಬರುತ್ತೇವೆ. ಇದರೊಂದಿಗೆ ಒಂದು ವ್ಯಥೆಯ ಕಥೆ ಕೂಡಿಕೊಂಡಿದೆ.

ಕತ್ತೆಕಿರುಬಗಳನ್ನೂ ಕಂಡೆವು. ಸಿಂಹ ಬೇಟೆಯಾಡುತ್ತದೆ, ಕಿರುಬ ಕದ್ದು ತಿನ್ನುತ್ತದೆ ಎಂದಲ್ಲವೆ ನಾವೆಲ್ಲ ಕಲಿತುದು? 1960ರ ದಶಕದಲ್ಲಿ ಹಾನ್ಸ್ ಕ್ರೂಕ್ ಎಂಬ ವಿಜ್ಞಾನಿ ಇದೇ ಕುಂಡದಲ್ಲಿ ರಾತ್ರಿಗಳನ್ನು ಕಳೆದು ನೋಡಿದಾಗ ವಿಷಯ ತಿರುಗುಮುರುಗಾಗಿತ್ತು. ಕತ್ತಲಲ್ಲಿ ಕಿರುಬಗಳು ಗುಂಪುಗೂಡಿ ಬೇಟೆಯಾಡುತ್ತವೆ, ಸಿಂಹ ಬಂದು ಅವನ್ನು ಓಡಿಸಿ ಉಣ್ಣುತ್ತದೆ. ಬೆಳಗಾದ ಮೇಲೆ ಬಂದವರಿಗೆ ಉಣ್ಣುವ ಸಿಂಹವೂ ದೂರದಲ್ಲಿ ಕಾದು ಕುಳಿತ ಕಿರುಬವೂ ಕಾಣುತ್ತವೆ. ಅಪವಾದ ಯಾರಿಗೆ ಬರುವುದೆಂದು ಬೇರೆ ಹೇಳಬೇಕಿಲ್ಲ.

ಸಿಂಹಗಳ ಕಥೆ ಇನ್ನೊಂದು ಬಗೆಯದು. 1962ರಲ್ಲಿ ಅತಿವೃಷ್ಟಿಯಾಗಿ ಕಚ್ಚುವ ನೊಣಗಳು ವಿಪರೀತ ಹೆಚ್ಚಿದವು. ಮೈಯೆಲ್ಲ ಹುಣ್ಣಾಗಿ, ಅರವತ್ತಕ್ಕೂ ಮಿಕ್ಕಿದ್ದ ಸಿಂಹಗಳಲ್ಲಿ ಹತ್ತರಷ್ಟು ಮಾತ್ರ ಉಳಿದವು. ಅನಂತರ ಹೊರಗಿನಿಂದ ಕೆಲವು ಗಂಡುಗಳು ಬಂದು ಸೇರಿದವು. ಈ ಬೆರಳೆಣಿಕೆಯ ಮೂಲದಿಂದಲೇ ಸಂತತಿ ಬೆಳೆದುದರಿಂದ ಇಲ್ಲಿಯ ಸಿಂಹಗಳು ಒಂದಕ್ಕೊಂದು ಹತ್ತಿರದ ರಕ್ತಸಂಬಂಧಿಗಳು. ಹೊರಗಿನ ಸಿಂಹ ಒಳಗೆ ಬರಬೇಕಾದರೆ ಅಂಚಿನ ಆಚೆಯ ಮಾಸಾಯಿ ಹಟ್ಟಿಗಳ ನಡುವೆ ಹಾಯ್ದೇ ಬರಬೇಕು. ಹಟ್ಟಿಯವರು ಅದನ್ನು ಈಟಿಗೆ ಗುರಿಮಾಡದೆ ಬಿಟ್ಟರೆ ಮಾತ್ರ ಕುಂಡದ ಸಿಂಹಕುಲಕ್ಕೆ ಹೊಸ ರಕ್ತ. ಮಾಸಾಯಿ ಯುವಕರನ್ನೇ ಸಿಂಹಗಳ ಕಾವಲಿಗೆ ನೇಮಿಸುವ ಪ್ರಯತ್ನ ಅಲ್ಲಿ ನಡೆದಿದೆ. ನಾವು ಕಂಡ ಎರಡು ಸಿಂಹಿಣಿಗಳು ರಸ್ತೆಯ ಪಕ್ಕದಲ್ಲಿ ಮಲಗಿದ್ದವು. ಅವುಗಳ ಸುತ್ತ ಇಪ್ಪತ್ತಮೂರು ವಾಹನಗಳನ್ನು ಎಣಿಸಿದೆವು, ನಮ್ಮದೂ ಸೇರಿ.

ಮಧ್ಯಾಹ್ನ ಗೊಯ್ಟೊಕಿಟೊಕ್ ಎಂಬ ಚಿಲುಮೆಯ ಬಳಿ ಊಟ. ವಾಹನದಿಂದ ಇಳಿಯಲು ಅಪ್ಪಣೆಯಿರುವ ಕೆಲವೇ ಸ್ಥಳಗಳಲ್ಲಿ ಇದೊಂದು. ನೀರಿನಲ್ಲಿ ನೀರಾನೆಗಳು ಮೂಗು ತೋರಿಸುತ್ತಿದ್ದವು. "ವಾಹನದೊಳಗೇ ಕುಳಿತು ಊಟ ಮಾಡಿ" ಎಂದು ಸಾರಥಿ ಎಚ್ಚರಿಸಿದ್ದರು, ನಾವು ಕೇಳಲಿಲ್ಲ. ರೊಟ್ಟಿಯ ಮೇಲೆ ಚಟ್ನಿ ಹಾಕಿಕೊಂಡು ಹೊರಗೆ ಬಂದು ನಿಂತದ್ದೇ ತಡ, ತಲೆಯ ಮೇಲಿಂದ ಗಾಳಿ ಬೀಸಿದಂತಾಯಿತು. ಹದ್ದೊಂದು ರೊಟ್ಟಿಯನ್ನು ಕೈಯಿಂದ ಎತ್ತಿಕೊಂಡು ಕೆರೆಯ ಮೇಲೆ ಹಾರಿಹೋಯಿತು. ಬೆರಳಿಗೆ ಸ್ವಲ್ಪ ಗೀರಾಯಿತು. ಆ ತಾಯಿ ಗಾಬರಿಯಿಂದ ಅರಿಸಿನ ಹುಡುಕುತ್ತಿದ್ದರೆ ಹುಡುಗ ನಕ್ಕದ್ದೇ ನಕ್ಕದ್ದು. ಆಫ್ರಿಕಾದ ಹದ್ದು ಬಿಳಿಜೋಳದ ರುಚಿ ನೋಡಿತಲ್ಲ ಎಂದು ನಾವೂ ನಕ್ಕೆವು.

ಮಧ್ಯಾಹ್ನದ ಮೇಲೆ ದೂರದರ್ಶಕದಲ್ಲಿ ಒಂದು ಕಪ್ಪು ಘೇಂಡಾಮೃಗ ಕಂಡಿತು. 1960ರ ದಶಕದ ಮಧ್ಯಭಾಗದಲ್ಲಿ ಇಲ್ಲಿ ಒಂದೊಂದನ್ನೂ ಗುರುತಿಸಿ ಎಣಿಸಿದಾಗ 108 ಇದ್ದವು. 1990ರ ದಶಕದ ಆರಂಭಕ್ಕೆ ಹದಿಮೂರು ಹದಿನಾಲ್ಕಕ್ಕೆ ಇಳಿದವು. ಕೊಂಬಿನ ಕಳ್ಳವ್ಯಾಪಾರ ಅವನ್ನು ನುಂಗಿತು. ಅನಂತರ ಹಗಲಿರುಳು ಬಂದೂಕಿನ ಕಾವಲಿಟ್ಟು, ದಕ್ಷಿಣ ಆಫ್ರಿಕಾದಿಂದ ಹೆಣ್ಣುಗಳನ್ನು ತಂದು, ಸಂತತಿಯನ್ನು ಮತ್ತೆ ಏರಿಸಿದ್ದಾರೆ. ಇದು ಮೆಚ್ಚಬೇಕಾದ ಕೆಲಸ. ಕಾವಲು ಇಲ್ಲದಿದ್ದರೆ ಆ ಮೃಗವನ್ನು ಹುಡುಗ ಚಿತ್ರದಲ್ಲಿಯೇ ನೋಡಬೇಕಾಗುತ್ತಿತ್ತು.

ಹೀಗೆ ಮಾತನಾಡುತ್ತಿರುವಾಗ ಮುಂಗೆ ಹೊಳೆಯ ಬಳಿಯ ಬಯಲನ್ನು ತೋರಿಸಿ ಸಾರಥಿ, "ನನ್ನ ಸೋದರಮಾವ ಹುಟ್ಟಿದ್ದು ಇಲ್ಲಿಯೇ" ಎಂದರು. ನಮಗೆ ಆಶ್ಚರ್ಯವಾಯಿತು. ಬೆಳಗಿನಿಂದ ನಾವು ಇದನ್ನು ಮನುಷ್ಯರ ಕಾಲು ತಾಕದ ನೆಲವೆಂದೇ ಭಾವಿಸಿ ನೋಡುತ್ತಿದ್ದೆವು. ಆದರೆ ಇಲ್ಲಿ ಮಾಸಾಯಿಗಳಿಗೂ ಮೊದಲು ದಟೋಗ ಎಂಬ ಪಶುಪಾಲಕರಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮಾಸಾಯಿಗಳು ಅವರನ್ನು ಸೋಲಿಸಿ ನೆಲೆಸಿದರು. ಮೊದಲ ಮಹಾಯುದ್ಧಕ್ಕೆ ಮುಂಚೆ ಜರ್ಮನಿಯ ಸೀಡೆನ್‌ಟೋಫ್ ಸೋದರರು ಈ ಕುಂಡದೊಳಗೆ ಒಕ್ಕಲುತನವನ್ನೇ ಹೂಡಿದ್ದರು. ಇದೇ ಸಂರಕ್ಷಿತ ಸೀಮೆಯ ಲೇಟೊಲಿಯಲ್ಲಿ ಮೂವತ್ತಾರು ಲಕ್ಷ ವರ್ಷಗಳಷ್ಟು ಹಳೆಯ, ಎರಡು ಕಾಲಿನ ಮೇಲೆ ನಡೆದ ಜೀವಿಗಳ ಹೆಜ್ಜೆಗುರುತುಗಳು ಬೂದಿಯಲ್ಲಿ ಅಚ್ಚೊತ್ತಿ ಉಳಿದಿವೆ. ಇದಕ್ಕಿಂತ ಹಳೆಯ ವಸತಿ ಇನ್ನೆಲ್ಲಿದೆ?

1951ರಲ್ಲಿ ಬ್ರಿಟಿಷರು ಸೆರೆಂಗೆಟಿ ರಾಷ್ಟ್ರೀಯ ಉದ್ಯಾನವನ್ನು ಸ್ಥಾಪಿಸಿದಾಗ ಗೊರೊಂಗೊರೊ ಅದರೊಳಗಿತ್ತು. 1959ರಲ್ಲಿ ಅದನ್ನು ಬೇರ್ಪಡಿಸಿ, ಸೆರೆಂಗೆಟಿಯ ಬಯಲನ್ನು ಮಾಸಾಯಿಗಳಿಂದ ಬಿಡಿಸಿಕೊಂಡು, ಅದಕ್ಕೆ ಪ್ರತಿಯಾಗಿ ಇಲ್ಲಿ ಜನರೂ ದನಗಳೂ ಮೃಗಗಳೂ ಕೂಡಿಯೇ ಇರಬಹುದೆಂಬ ಏರ್ಪಾಡು ಮಾಡಿದರು. ಆದರೆ 1974ರಲ್ಲಿ ಕುಂಡದ ತಳದಲ್ಲಿದ್ದ ಹಟ್ಟಿಗಳನ್ನು ಎಬ್ಬಿಸಿದರು. 1979ರಲ್ಲಿ ವಿಶ್ವಪರಂಪರೆಯ ತಾಣವೆಂಬ ಮನ್ನಣೆ ಬಂದಿತು.

ಎಬ್ಬಿಸಿದ ಮೇಲೆ ಏನಾಯಿತೆಂಬುದು ವಿಚಾರ ಮಾಡತಕ್ಕದ್ದು. ಮಾಸಾಯಿಗಳು ಒಣಹುಲ್ಲಿಗೆ ಕಾಲಕಾಲಕ್ಕೆ ಬೆಂಕಿಯಿಕ್ಕುತ್ತಿದ್ದರು. ದನಗಳು ಮೇಯ್ದು ಹುಲ್ಲನ್ನು ಗಿಡ್ಡವಾಗಿಡುತ್ತಿದ್ದವು. ಅದೆಲ್ಲ ನಿಂತಮೇಲೆ ಎತ್ತರದ ಒರಟು ಹುಲ್ಲು ಬೆಳೆಯಿತು. ಅದನ್ನು ತಿನ್ನಬಲ್ಲ ಕಾಡೆಮ್ಮೆಗಳು ಸಾವಿರಗಟ್ಟಲೆ ಹೆಚ್ಚಿದವು; ಗಿಡ್ಡಹುಲ್ಲು ಬಯಸುವ ಗಸೆಲ್ ಮತ್ತು ವಿಲ್ಡೆಬೀಸ್ಟ್‌ಗಳು ಕಡಿಮೆಯಾದವು. ಉದ್ದ ಹುಲ್ಲಿನಲ್ಲಿ ಉಣ್ಣೆಹುಳುಗಳು ಮಿತಿಮೀರಿದವು. 2000-2001ರ ಬರಗಾಲದ ಬೆನ್ನಿಗೆ ಉಣ್ಣೆಯಿಂದ ಹರಡುವ ರೋಗ ಬಂದು ಕಾಡೆಮ್ಮೆಗಳೂ ವಿಲ್ಡೆಬೀಸ್ಟ್‌ಗಳೂ ನೂರುಗಟ್ಟಲೆ ಸತ್ತವು. ಅಷ್ಟು ಕಷ್ಟಪಟ್ಟು ಉಳಿಸಿದ ಘೇಂಡಾಮೃಗಗಳಲ್ಲಿಯೂ ಕೆಲವು ಸತ್ತವು. ಆಗ ಅಧಿಕಾರಿಗಳೇ ಹುಲ್ಲಿಗೆ ಬೆಂಕಿಯಿಕ್ಕುವ ಕ್ರಮವನ್ನು ಮತ್ತೆ ಆರಂಭಿಸಿದರು. ದನಗಾಹಿಗಳು ಓದುಬರಹವಿಲ್ಲದೆ ಮಾಡುತ್ತಿದ್ದುದನ್ನು ಇಪ್ಪತ್ತೇಳು ವರ್ಷಗಳ ಅನಂತರ ವಿಜ್ಞಾನಿಗಳು ಮಾಡಬೇಕಾಯಿತು.

ಐದು ಗಂಟೆಗೆ ಲೆರಾಯಿಯ ದಾರಿಯಿಂದ ಮೇಲೇರಿದೆವು. ಅಂಚಿನ ಆಚೆ ಸ್ವಲ್ಪ ದೂರದಲ್ಲಿ ಆ ಸೋದರಮಾವನ ಹಟ್ಟಿ. ಮುಳ್ಳಿನ ಬೇಲಿ, ಸಗಣಿ ಮೆತ್ತಿದ ಗಿಡ್ಡ ಮನೆಗಳು. ಕೆಂಪು ಶುಕಾ ಹೊದ್ದ ವೃದ್ಧರು ಹೊರಗೆ ಬಂದರು. ನಮಗಿಂತ ಐದಾರು ವರ್ಷ ಹಿರಿಯರಿರಬೇಕು. ಹುಡುಗ ತಲೆ ಬಾಗಿಸಿದ. ಸಾರಥಿ ಹೇಳಿಕೊಟ್ಟಿದ್ದರು. ವೃದ್ಧರು ಅವನ ನೆತ್ತಿಯ ಮೇಲೆ ಕೈಯಿಟ್ಟರು. ಅಲ್ಲಿ ಕಿರಿಯರು ಹಿರಿಯರಿಗೆ ವಂದಿಸುವ ರೀತಿಯದು. ಸೋರೆಬುರುಡೆಯಲ್ಲಿ ಹಾಲು ಬಂದಿತು. ಬುರುಡೆಯ ಒಳಮೈಯನ್ನು ಸುಟ್ಟ ಕೊಳ್ಳಿಯಿಂದ ಉಜ್ಜಿ ಶುಚಿಮಾಡುವುದರಿಂದ ಹಾಲಿಗೆ ಹೊಗೆಯ ವಾಸನೆ. ಕುಡಿದೆವು.

ಸಾರಥಿಯ ಮೂಲಕ ಮಾತು ನಡೆಯಿತು. 1974ರಲ್ಲಿ ಅವರಿಗೆ ಇಪ್ಪತ್ತರ ಸುಮಾರು. "ಮುನ್ಸೂಚನೆ ಇರಲಿಲ್ಲ. ಸಾಮಾನನ್ನೂ ಕರುಗಳನ್ನೂ ಕಟ್ಟಿಕೊಂಡು ಗೋಡೆ ಹತ್ತಿದೆವು" ಎಂದರು. ಆಮೇಲೆಯೂ ಬೆಳಿಗ್ಗೆ ದನಗಳನ್ನು ಇಳಿಸಿ, ಸವಳನ್ನು ನೆಕ್ಕಿಸಿ, ನೀರು ಕುಡಿಸಿ ಸಂಜೆಗೆ ಮೇಲೆ ತರಲು ಅಪ್ಪಣೆಯಿತ್ತು. ಕ್ಷಾರಲವಣ ದನಗಳಿಗೆ ಔಷಧವಿದ್ದಂತೆ. 2016ರ ಕೊನೆಗೆ ಸರ್ಕಾರದ ಆಜ್ಞೆಯಾಗಿ, ಮುಂದಿನ ವರ್ಷದೊಳಗೆ ಅದೂ ನಿಂತುಹೋಯಿತು. ಈಗ ಪೇಟೆಯಿಂದ ಉಪ್ಪು ಕೊಳ್ಳಬೇಕು. "ಹಳೆಯ ಆಕಳು ಈಗಲೂ ಕೆಲವು ದಿನ ಅಂಚಿನವರೆಗೆ ಹೋಗಿ ಕೆಳಗೆ ನೋಡುತ್ತ ನಿಲ್ಲುತ್ತದೆ" ಎಂದು ಒಂದು ಕೆಂಪು ಆಕಳನ್ನು ತೋರಿಸಿದರು. ಡುಬ್ಬವಿರುವ ಆ ದನಗಳು ನೋಡಲು ಥೇಟು ನಮ್ಮವೇ. ಆಫ್ರಿಕಾದ ಡುಬ್ಬದ ದನಗಳ ಪೂರ್ವಜರು ಬಹು ಹಿಂದೆ ನಮ್ಮ ಭಾರತ ಭೂಖಂಡದಿಂದ ಹೋದವೆಂದು ತಳಿಶಾಸ್ತ್ರ ಹೇಳುತ್ತದೆ.

ಸರ್ಕಾರದ ವಾದವನ್ನೂ ಇಲ್ಲಿ ಹೇಳಲೇಬೇಕು. 1959ರಲ್ಲಿ ಎಂಟು ಹತ್ತು ಸಾವಿರವಿದ್ದ ಜನಸಂಖ್ಯೆ ಈಗ ತೊಂಬತ್ತು ಸಾವಿರವನ್ನು ಮೀರಿದೆ, ದನಕುರಿಗಳು ಲಕ್ಷಗಟ್ಟಲೆ. ಸೀಮೆ ಬೆಳೆದಿಲ್ಲ. ಈ ಕಾರಣದಿಂದ 2022ರಿಂದ ಕುಟುಂಬಗಳನ್ನು ದೂರದ ಹಂದೇನಿ ಜಿಲ್ಲೆಯ ಎಂಸೊಮೆರಾ ಎಂಬಲ್ಲಿಗೆ, ಮನೆ ಜಮೀನು ಕೊಟ್ಟು, ಸಾಗಿಸುತ್ತಿದ್ದಾರೆ. ಇದು ಸ್ವಇಚ್ಛೆಯಿಂದ ನಡೆಯುವ ಸ್ಥಳಾಂತರವೆಂದು ಸರ್ಕಾರ ಹೇಳುತ್ತದೆ. ಶಾಲೆ ಆಸ್ಪತ್ರೆಗಳನ್ನು ಸೊರಗಿಸಿ ತಮ್ಮನ್ನು ಹೊರದೂಡಲಾಗುತ್ತಿದೆಯೆಂದು ಮಾಸಾಯಿಗಳು ದೂರುತ್ತಾರೆ. ಒಂದು ಹಗಲಿನ ಅತಿಥಿಗಳಾದ ನಾವು ಇದಕ್ಕೆ ತೀರ್ಪು ಕೊಡುವುದು ಉದ್ಧಟತನವಾದೀತು. ಹತ್ತುಪಟ್ಟು ಬೆಳೆದ ಜನ ದನಗಳಿಗೆ ಅದೇ ಹುಲ್ಲು ಸಾಲದೆಂಬುದು ಒಕ್ಕಲುಮಕ್ಕಳಾದ ನಮಗೆ ಅರ್ಥವಾಗದ ಮಾತಲ್ಲ. ಆದರೂ ಒಂದನ್ನು ಬಚ್ಚಿಡಲಾರೆವು. ಅಂದು ಸಿಂಹಿಣಿಯ ಸುತ್ತ ಧೂಳೆಬ್ಬಿಸಿ ನಿಂತ ಇಪ್ಪತ್ತಮೂರು ವಾಹನಗಳಿಗೆ ಅಲ್ಲಿ ಇಳಿಯಲು ಅಪ್ಪಣೆಯಿತ್ತು. ಆ ಕೆಂಪು ಆಕಳಿಗೆ ಇರಲಿಲ್ಲ. ಹಣ ತೆತ್ತು ಇಳಿದವರಲ್ಲಿ ನಾವೂ ಇದ್ದೆವೆಂಬುದು ಹಾಲು ಕುಡಿಯುವಾಗ ನೆನಪಾಗಿ ತಲೆ ತಗ್ಗಿತು.

ಹೊರಡುವ ಮುನ್ನ ಆ ಹೆಸರಿನ ಸದ್ದನ್ನು ಕೇಳಬೇಕೆಂದೆವು. ವೃದ್ಧರು ನಕ್ಕು ಆಕಳ ಕೊರಳಿನ ಕಬ್ಬಿಣದ ಗಂಟೆಯನ್ನು ಅಲುಗಿಸಿದರು. ಹುಡುಗ ಕಿವಿಗೊಟ್ಟು, "ಇದು ಗೊರೊ ಗೊರೊ ಅನ್ನಂಗಿಲ್ಲ ಅಜ್ಜಾ, ಗೊಳ್ ಗೊಳ್ ಅಂತದ" ಎಂದ.

ನಾವು ಮರಳಿ ಬಂದ ಮರುತಿಂಗಳು, ಆಗಸ್ಟ್ 2024ರಲ್ಲಿ, ಮತದಾರರ ಪಟ್ಟಿಯಲ್ಲಿಯೂ ಗ್ರಾಮಗಳ ಪಟ್ಟಿಯಲ್ಲಿಯೂ ತಮ್ಮ ಊರುಗಳನ್ನು ಕೈಬಿಟ್ಟುದಕ್ಕಾಗಿ ಸಾವಿರಾರು ಮಾಸಾಯಿಗಳು ನಾವು ಹೋಗಿದ್ದ ಹೆದ್ದಾರಿಯಲ್ಲಿಯೇ ಕುಳಿತು ಪ್ರತಿಭಟಿಸಿದ ಸುದ್ದಿ ಬಂದಿತು. ಚಿಂತೆಯಿಂದ ವಿದ್ಯಾರ್ಥಿಗೆ ದೂರವಾಣಿ ಮಾಡಿದೆವು. ಸಾರಥಿಯನ್ನು ವಿಚಾರಿಸಿ ಎರಡು ದಿನಗಳ ಮೇಲೆ ಅವರು ಉತ್ತರ ಹೇಳಿದರು: ಹಟ್ಟಿ ಅಲ್ಲಿಯೇ ಇದೆ, ವೃದ್ಧರೂ ರಸ್ತೆಯಲ್ಲಿ ಒಂದು ದಿನ ಕುಳಿತು ಬಂದರಂತೆ, ಕೆಂಪು ಆಕಳು ಹೆಣ್ಣುಗರು ಹಾಕಿದೆಯಂತೆ.